ಗಬ್ಬದ ಬೆಕ್ಕು ಮನೆಗೆ ಬಂದರೆ

ಮಲೆನಾಡಿನ ಮನೆಗಳಲ್ಲಿ ಬೆಕ್ಕನ್ನು ಹುಡುಕಿ ತರುವವರು ಕಮ್ಮಿ. ಅದೇ ಬರುತ್ತದೆ. ಹಾಲು ಕರೆಯುವ ಹೊತ್ತಿಗೆ ಕೊಟ್ಟಿಗೆ ಬಾಗಿಲಲ್ಲಿ ಕೂರುತ್ತದೆ. ಮಳೆ ಹಿಡಿದರೆ ಬಚ್ಚಲು ಒಲೆಯ ಪಕ್ಕ ಮುದುರಿಕೊಳ್ಳುತ್ತದೆ. ನಾಲ್ಕು ದಿನ ಬಿಟ್ಟು ನೋಡಿದರೆ ಅಟ್ಟದ ಮೇಲೆ ಅದರದ್ದೇ ದರ್ಬಾರು. ಹೀಗೆ ಬಂದ ಬೆಕ್ಕಿನ ಹೊಟ್ಟೆ ಎರಡೂ ಪಕ್ಕಕ್ಕೆ ಉಬ್ಬಿರುವುದು ಕಂಡ ದಿನ ಮನೆಯಲ್ಲಿ ಎರಡು ಪಕ್ಷ ಆಗುತ್ತದೆ. "ಓಡಿಸಿ, ಇಲ್ಲೇ ಮರಿ ಹಾಕಿದ್ರೆ ಕಷ್ಟ" ಅನ್ನುವವರು ಒಂದು ಕಡೆ. "ಗಬ್ಬದ ಬೆಕ್ಕು, ಪಾಪ, ಇರ್ಲಿ ಬಿಡಿ" ಅನ್ನುವವರು ಇನ್ನೊಂದು ಕಡೆ. ಇದು ಎರಡನೇ ಪಕ್ಷದವರಿಗೆ ಬರೆದದ್ದು.

ಬೆಕ್ಕಿನ ಬಾಣಂತನದಲ್ಲಿ ನಮ್ಮ ಕೆಲಸ ಕಮ್ಮಿ. ಮುಕ್ಕಾಲು ಪಾಲು ಅದೇ ಮಾಡಿಕೊಳ್ಳುತ್ತದೆ. ಉಳಿದ ಕಾಲು ಪಾಲಿನಲ್ಲಿ ಮಾತ್ರ ಹೊತ್ತು ನೋಡಿ ನಡೆಯಬೇಕು. ಹೊಸನಗರ, ತೀರ್ಥಹಳ್ಳಿ ಕಡೆಯ ಒಳಗಿನ ಹಳ್ಳಿಯಲ್ಲಿದ್ದರೆ ಬೆಕ್ಕಿಗೆ ಆಪರೇಷನ್ ಮಾಡಿ ಮರಿ ತೆಗೆಯುವ ಡಾಕ್ಟರು ಪಕ್ಕದಲ್ಲಿ ಇರುವುದಿಲ್ಲ. ಮಳೆಗಾಲದಲ್ಲಿ ದಾರಿಗೆ ಮರ ಬಿದ್ದಿದ್ದರೆ ಇನ್ನೂ ತಡ. ಹಾಗಾಗಿ ಎಷ್ಟು ಹೊತ್ತು ಕಾಯಬಹುದು, ಯಾವಾಗ ಹೊರಡಬೇಕು ಅನ್ನುವುದು ಮೊದಲೇ ತಲೆಯಲ್ಲಿ ಇರಬೇಕು.

ದಿನದ ಲೆಕ್ಕ

ಬೆಕ್ಕಿನ ಗಬ್ಬದ ಅವಧಿ ಸುಮಾರು 63ರಿಂದ 65 ದಿನ. ಎರಡು ತಿಂಗಳ ಮೇಲೆ ಸ್ವಲ್ಪ ಅಂತ ಇಟ್ಟುಕೊಳ್ಳಿ. ತಾನಾಗಿ ಬಂದ ಬೆಕ್ಕಿಗೆ ಯಾವಾಗ ಗಬ್ಬ ನಿಂತಿತು ಅಂತ ಯಾರಿಗೂ ಗೊತ್ತಿರುವುದಿಲ್ಲ. ಆದ್ದರಿಂದ ಮೈ ನೋಡಿಯೇ ಅಂದಾಜು ಮಾಡಬೇಕು. ಮೂರನೇ ವಾರದ ಹೊತ್ತಿಗೆ ಮೊಲೆತೊಟ್ಟುಗಳು ಗುಲಾಬಿ ಬಣ್ಣಕ್ಕೆ ತಿರುಗಿ ಸ್ವಲ್ಪ ಮುಂದೆ ಬರುತ್ತವೆ. ಮೊದಲ ಬಸಿರಿನ ಬೆಕ್ಕಿನಲ್ಲಿ ಇದು ಎದ್ದು ಕಾಣುತ್ತದೆ. ಐದನೇ ವಾರದ ಮೇಲೆ ಹೊಟ್ಟೆ ದುಂಡಗಾಗುತ್ತದೆ. ಕೊನೆಯ ಎರಡು ವಾರದಲ್ಲಿ ಅದು ಪಕ್ಕ ತಿರುಗಿ ಮಲಗಿದಾಗ ಹೊಟ್ಟೆಯ ಚರ್ಮದ ಕೆಳಗೆ ಮರಿ ಹೊರಳುವುದು ಕಣ್ಣಿಗೇ ಕಾಣಬಹುದು.

ದೊಡ್ಡ ಹೊಟ್ಟೆ ಅಂದರೆ ಗಬ್ಬವೇ ಅಂತಲೂ ಅಲ್ಲ. ಜಂತುಹುಳ ಜಾಸ್ತಿ ಆದರೂ ಹೊಟ್ಟೆ ಉಬ್ಬುತ್ತದೆ, ಆದರೆ ಆಗ ಬೆನ್ನುಮೂಳೆ ಎದ್ದು ಕಾಣುತ್ತದೆ, ಮೊಲೆತೊಟ್ಟು ಬದಲಾಗಿರುವುದಿಲ್ಲ. ಅನುಮಾನ ಇದ್ದರೆ ಡಾಕ್ಟರು ಅಲ್ಟ್ರಾಸೌಂಡ್ ಮಾಡಿ ಮೂರು ನಾಲ್ಕು ವಾರಕ್ಕೇ ಹೇಳುತ್ತಾರೆ. ಮರಿ ಎಷ್ಟಿವೆ ಅಂತ ಎಣಿಸಲು ಎಕ್ಸ್‌ರೇ ಬೇಕು. ಮರಿಗಳ ಮೂಳೆ ಗಟ್ಟಿಯಾಗಿ ಅದರಲ್ಲಿ ಕಾಣುವುದು ಸುಮಾರು 45 ದಿನದ ಮೇಲೆ. ಮನೆಯಲ್ಲಿ ಹೊಟ್ಟೆ ಒತ್ತಿ ಮರಿ ಎಣಿಸುವ ಕೆಲಸ ಮಾತ್ರ ಬೇಡ.

ಇಲ್ಲೊಂದು ಮಜಾ ಇದೆ. ಬೆಕ್ಕಿನಲ್ಲಿ ಅಂಡ ಬಿಡುಗಡೆ ಆಗುವುದೇ ಕೂಡಿದ ಮೇಲೆ. ಬೆದೆಯ ದಿನಗಳಲ್ಲಿ ಎರಡು ಮೂರು ಗಂಡು ಬೆಕ್ಕು ಬಂದು ಹೋಗಿದ್ದರೆ ಒಂದೇ ಸೂಲಿನ ಮರಿಗಳಿಗೆ ಬೇರೆ ಬೇರೆ ಅಪ್ಪಂದಿರು ಇರಬಹುದು. ಒಂದು ಕಪ್ಪು, ಒಂದು ಹಳದಿ, ಒಂದು ಪಟ್ಟೆ ಅಂತ ಬಣ್ಣಬಣ್ಣದ ಮರಿ ಬಂದರೆ ಆಶ್ಚರ್ಯ ಬೇಡ. ಇನ್ನೊಂದು ವಿಷಯ ಕೇಳಿದರೆ ಬೇಜಾರಾಗುತ್ತದೆ. ನಾಲ್ಕೈದು ತಿಂಗಳ ಮರಿಯೇ ಗಬ್ಬ ಆಗಬಹುದು. ಮನೆಗೆ ಬಂದದ್ದು ಸಣ್ಣ ಗಾತ್ರದ, ಇನ್ನೂ ಆಟ ಬಿಡದ ಬೆಕ್ಕಾದರೆ ಒಮ್ಮೆ ಡಾಕ್ಟರಿಗೆ ತೋರಿಸುವುದು ಒಳ್ಳೆಯದು. ಗಬ್ಬ ಇದ್ದಾಗಲೇ ಸಂತಾನಹರಣ ಆಪರೇಷನ್ ಮಾಡುವುದೂ ಉಂಟು. ಎಲ್ಲರ ಮನಸ್ಸೂ ಒಪ್ಪುವುದಿಲ್ಲ, ಆದರೆ ಮೈ ಬೆಳೆಯದ ಬೆಕ್ಕಿನ ವಿಷಯದಲ್ಲಿ ಡಾಕ್ಟರ ಹತ್ತಿರ ಕೇಳಿ ನೋಡಲೇಬೇಕಾದ ಮಾತು ಅದು.

ಮೊಸರನ್ನದ ಬೆಕ್ಕು

"ನಮ್ಮನೆ ಬೆಕ್ಕು ಮೊಸರನ್ನ ತಿಂದೇ ಹತ್ತು ವರ್ಷ ಇತ್ತು" ಅನ್ನುವ ಮಾತು ಸಾಗರ, ಸೊರಬದ ಎಷ್ಟೋ ಮನೆಗಳಲ್ಲಿ ಕೇಳಿಬರುತ್ತದೆ. ಇದ್ದಿರಬಹುದು. ಆದರೆ ಅದು ಮೊಸರನ್ನದಿಂದ ಬದುಕಿದ್ದಲ್ಲ. ರಾತ್ರಿ ಅಟ್ಟದಲ್ಲಿ ಹಿಡಿದ ಇಲಿ, ಹಲ್ಲಿ, ಮಿಡತೆಗಳಿಂದ ಬದುಕಿದ್ದು. ಬೆಕ್ಕಿನ ಮೈಗೆ ಟಾರಿನ್ ಅನ್ನುವ ಒಂದು ಅಂಶ ಬೇಕೇ ಬೇಕು. ಅದನ್ನು ಸಾಕಷ್ಟು ತಯಾರಿಸಿಕೊಳ್ಳುವ ಶಕ್ತಿ ಅದರ ಮೈಗಿಲ್ಲ. ಅದು ಸಿಗುವುದು ಮಾಂಸ, ಮೀನಿನಲ್ಲಿ. ಅನ್ನದಲ್ಲಿ ಇಲ್ಲ, ಬೇಳೆಯಲ್ಲಿ ಇಲ್ಲ. ಟಾರಿನ್ ಕಮ್ಮಿಯಾದರೆ ಕಣ್ಣು, ಹೃದಯ ಹಾಳಾಗುತ್ತವೆ. ಗಬ್ಬದಲ್ಲಿ ಕಮ್ಮಿಯಾದರೆ ಮರಿಗಳು ಹೊಟ್ಟೆಯಲ್ಲೇ ಸಾಯುತ್ತವೆ, ಇಲ್ಲವೇ ಬಡಕಲಾಗಿ ಹುಟ್ಟುತ್ತವೆ. ಹೊಟ್ಟೆ ಭಾರವಾದ ಬೆಕ್ಕಿಗೆ ಮೊದಲಿನ ಹಾಗೆ ಹಾರಿ ಇಲಿ ಹಿಡಿಯಲೂ ಆಗುವುದಿಲ್ಲ. ಮೊಸರನ್ನದ ಕೊರತೆ ಬಯಲಾಗುವುದೇ ಆಗ.

ಮಾಂಸ ಒಳಗೆ ತರದ ಮನೆಯಾದರೆ ಸುಲಭದ ದಾರಿ ಅಂಗಡಿಯ ಬೆಕ್ಕಿನ ಆಹಾರ. ಅದರಲ್ಲೂ ಮರಿಗಳಿಗೆ ಅಂತ ಮಾರುವ ಕಿಟನ್ ಫುಡ್ ತನ್ನಿ. ಅದರಲ್ಲಿ ಪ್ರೋಟೀನ್, ಕೊಬ್ಬು, ಕ್ಯಾಲ್ಸಿಯಂ ಎಲ್ಲ ಜಾಸ್ತಿ ಇರುತ್ತದೆ, ಟಾರಿನ್ ಸೇರಿಸಿರುತ್ತಾರೆ. ಗಬ್ಬದ ಬೆಕ್ಕಿಗೂ ಬಾಣಂತಿ ಬೆಕ್ಕಿಗೂ ಅದೇ ಸರಿ. ನಾಯಿಯ ಆಹಾರ ಆಗುವುದಿಲ್ಲ. ಮೊಟ್ಟೆ ಬೇಯಿಸಿ ಕೊಟ್ಟರೆ ಒಳ್ಳೆಯದೇ, ಆದರೆ ಅದರಲ್ಲಿ ಟಾರಿನ್ ತೀರಾ ಕಮ್ಮಿ. ಮೊಟ್ಟೆಯೊಂದನ್ನೇ ನಂಬಿ ಕೂರಬೇಡಿ.

ಮೀನು, ಕೋಳಿ ಮಾಡುವ ಮನೆಯಾದರೆ ಖರ್ಚು ಉಳಿಯಿತು. ಉಪ್ಪು, ಖಾರ, ಮಸಾಲೆ ಹಾಕುವ ಮೊದಲೇ ಬೆಕ್ಕಿನ ಪಾಲು ತೆಗೆದಿಡಿ. ಕೋಳಿ ಮಾಂಸ, ಹೃದಯದ ಚೂರು ಬೇಯಿಸಿ, ಬೇಯಿಸಿದ ನೀರನ್ನೂ ಜೊತೆಗೇ ಕೊಡಿ. ಟಾರಿನ್ ನೀರಿಗೆ ಇಳಿಯುತ್ತದೆ, ಚೆಲ್ಲಿದರೆ ಅದೂ ಹೋಯಿತು. ಘಟ್ಟ ಹತ್ತಿ ಬರುವ ಮೀನಿನ ಗಾಡಿಯಲ್ಲಿ ಸಿಗುವ ಬೂತಾಯಿಯನ್ನು ಹಸಿಯಾಗಿ ದಿನಾ ಹಾಕಬೇಡಿ. ಕೆಲವು ಹಸಿ ಮೀನಿನಲ್ಲಿ ಬಿ1 ವಿಟಮಿನ್ ಕೆಡಿಸುವ ಅಂಶ ಇರುತ್ತದೆ, ಬೇಯಿಸಿದರೆ ಅದು ಹೋಗುತ್ತದೆ. ಬೆಂದ ಮೂಳೆ ಸೀಳಿಕೊಂಡು ಗಂಟಲಿಗೆ ಚುಚ್ಚುತ್ತದೆ, ತೆಗೆದು ಕೊಡಿ. ಲಿವರ್ ಬೆಕ್ಕಿಗೆ ಪ್ರಾಣ, ಆದರೆ ಯಾವಾಗಲಾದರೂ ಒಂದು ಚೂರು ಸಾಕು. ದಿನಾ ಕೊಟ್ಟರೆ ಎ ವಿಟಮಿನ್ ಅತಿಯಾಗಿ ಹೊಟ್ಟೆಯಲ್ಲಿರುವ ಮರಿಗಳಿಗೇ ತೊಂದರೆ.

ಹಾಲಿನ ವಿಷಯ ಹೇಳಿದರೆ ಅಜ್ಜಿಯರು ಒಪ್ಪುವುದಿಲ್ಲ. ದೊಡ್ಡ ಬೆಕ್ಕುಗಳಲ್ಲಿ ಹೆಚ್ಚಿನವಕ್ಕೆ ಹಾಲಿನ ಸಕ್ಕರೆ ಅರಗುವುದಿಲ್ಲ, ಭೇದಿ ಆಗುತ್ತದೆ. ಕೊಟ್ಟಿಗೆಯಲ್ಲಿ ನೆಕ್ಕುವ ನಾಲ್ಕು ಗುಟುಕಿನಿಂದ ಏನೂ ಆಗಲಿಕ್ಕಿಲ್ಲ. ಬಟ್ಟಲುಗಟ್ಟಲೆ ಹೊಯ್ಯಬೇಡಿ ಅಷ್ಟೆ. ಕುಡಿಯಲು ನೀರು ಇಡಿ. ಈರುಳ್ಳಿ, ಬೆಳ್ಳುಳ್ಳಿ ಬಿದ್ದ ಹುಳಿ, ಸಾರು, ಪಲ್ಯ ಕಲಸಿದ ಅನ್ನ ಬೇಡವೇ ಬೇಡ. ಅವು ಬೆಕ್ಕಿನ ರಕ್ತಕಣಗಳನ್ನು ಒಡೆಯುತ್ತವೆ.

ಗಬ್ಬದ ಕೊನೆಗೆ ಅದಕ್ಕೆ ಮಾಮೂಲಿನ ಒಂದೂವರೆ ಪಟ್ಟು ಆಹಾರ ಬೇಕು. ಹೊಟ್ಟೆಯಲ್ಲಿ ಮರಿಗಳೇ ತುಂಬಿರುವುದರಿಂದ ಒಂದೇ ಸಲ ತಿನ್ನಲಾರದು, ದಿನಕ್ಕೆ ನಾಲ್ಕು ಸಲ ಸ್ವಲ್ಪ ಸ್ವಲ್ಪ ಹಾಕಿ. ಮರಿ ಹಾಕಿದ ಮೇಲೆ ಎರಡು ಮೂರು ಪಟ್ಟು ಬೇಕು. ಆಗ ಲೆಕ್ಕ ಹಾಕಬೇಡಿ, ಕೇಳಿದಷ್ಟು ಕೊಡಿ. ಕ್ಯಾಲ್ಸಿಯಂ ಮಾತ್ರೆಯನ್ನು ಗಬ್ಬದಲ್ಲಿ ನೀವಾಗಿ ಕೊಡಬೇಡಿ. ಹೊರಗಿನಿಂದ ಜಾಸ್ತಿ ಸಿಕ್ಕಿದರೆ, ತನ್ನ ಮೂಳೆಯಿಂದ ಕ್ಯಾಲ್ಸಿಯಂ ತೆಗೆದುಕೊಳ್ಳುವ ಮೈಯ ಅಭ್ಯಾಸ ತಪ್ಪುತ್ತದೆ. ಹಾಲೂಡಿಸುವಾಗ ಬೇಕಾದಷ್ಟು ಸಿಗದೆ ತಾಯಿಗೆ ನಡುಕ ಬರುತ್ತದೆ.

ಹುಳ, ಉಣುಗು, ಔಷಧಿ

ಜಂತುಹುಳದ ಮರಿಗಳು ತಾಯಿಯ ಹಾಲಿನ ಮೂಲಕ ಬೆಕ್ಕಿನ ಮರಿಗಳ ಹೊಟ್ಟೆಗೆ ಹೋಗುತ್ತವೆ. ಗಬ್ಬದಲ್ಲಿ ಕೊಡಬಹುದಾದ ಹುಳದ ಔಷಧಿ ಇದೆ. ಡಾಕ್ಟರ ಹತ್ತಿರ "ಬೆಕ್ಕು, ಗಬ್ಬ ಇದೆ" ಅಂತ ಎರಡೂ ಹೇಳಿಯೇ ತನ್ನಿ. ದನಕ್ಕೆ ತಂದು ಉಳಿದಿದ್ದನ್ನು ಅಂದಾಜಿಗೆ ಕುಡಿಸಬೇಡಿ. ನಾಯಿಯ ಉಣುಗು, ಚಿಗಟಕ್ಕೆ ಬೆನ್ನಿಗೆ ಹಚ್ಚುವ ಹನಿಗಳಲ್ಲಿ ಕೆಲವದರಲ್ಲಿ ಪರ್ಮೆಥ್ರಿನ್ ಇರುತ್ತದೆ. ಬೆಕ್ಕಿಗೆ ಅದು ವಿಷ, ಮೈ ನಡುಗಿ ಸತ್ತೇ ಹೋಗಬಹುದು. ಜ್ವರ ಬಂದಿದೆ ಅಂತ ಪ್ಯಾರಾಸಿಟಮಾಲ್ ಚೂರು ಕೊಡುವವರಿದ್ದಾರೆ. ಒಂದು ಮಾತ್ರೆಯೇ ಬೆಕ್ಕನ್ನು ಕೊಲ್ಲಬಲ್ಲದು.

ಉಣುಗಿನ ಮಾತು ಬಂದರೆ ನಮ್ಮ ಶಿವಮೊಗ್ಗ ಜಿಲ್ಲೆಯಲ್ಲಿ ಕಿವಿ ನಿಮಿರುತ್ತದೆ, ಅಲ್ವಾ? ಮಂಗನ ಕಾಯಿಲೆಯನ್ನು 1957ರಲ್ಲಿ ಮೊದಲು ಗುರುತಿಸಿದ್ದು ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಹರಡುವುದು ಕಾಡಿನ ಉಣುಗು ಕಚ್ಚುವುದರಿಂದ, ಜೋರು ಚಳಿಗಾಲದಿಂದ ಬೇಸಿಗೆವರೆಗೆ. ಬೆಕ್ಕನ್ನು ಇದಕ್ಕಾಗಿ ಓಡಿಸಬೇಕಿಲ್ಲ. ಆದರೆ ಕಾಡಂಚು ಸುತ್ತಿ ಬಂದ ಬೆಕ್ಕಿನ ಕಿವಿ, ಕುತ್ತಿಗೆ ನೋಡಿ. ಉಣುಗು ಕಂಡರೆ ಬರಿಗೈಯಲ್ಲಿ ಹಿಸುಕಬೇಡಿ. ಗ್ಲೌಸ್ ಹಾಕಿ, ಚಿಮಟದಿಂದ ಚರ್ಮಕ್ಕೆ ತಾಗಿಸಿ ಹಿಡಿದು ನೇರವಾಗಿ ಎಳೆಯಿರಿ. ಆರೋಗ್ಯ ಇಲಾಖೆಯವರು ನಮಗೆ ಕೈಕಾಲಿಗೆ ಹಚ್ಚಲು ಕೊಡುವ ಎಣ್ಣೆಯನ್ನು ಬೆಕ್ಕಿಗೆ ಸವರಬೇಡಿ. ಮೈಗೆ ಹಚ್ಚಿದ್ದೆಲ್ಲ ಅದರ ನಾಲಿಗೆಗೆ ಹೋಗುತ್ತದೆ. ಇಲಿ ಪಾಷಾಣವನ್ನೂ ಈ ಎರಡು ಮೂರು ತಿಂಗಳು ದೂರ ಇಡಿ. ವಿಷ ತಿಂದ ಇಲಿಯನ್ನು ಬೆಕ್ಕು ತಿಂದರೆ ಅದಕ್ಕೂ ವಿಷವೇ.

ಮನೆಯಲ್ಲಿ ಗರ್ಭಿಣಿ ಹೆಂಗಸರಿದ್ದರೆ ಟಾಕ್ಸೊಪ್ಲಾಸ್ಮಾ ಅನ್ನುವ ರೋಗಾಣುವಿನ ಭಯ ಸಹಜ. ಬೆಕ್ಕಿನ ಕಕ್ಕದಲ್ಲಿ ಅದು ಇರಬಹುದು, ಆದರೆ ಸೋಂಕು ತಗಲಿಸುವ ಸ್ಥಿತಿಗೆ ಬರಲು ಕಮ್ಮಿಯೆಂದರೆ ಒಂದು ದಿನ ಬೇಕು. ದಿನಾ ತೆಗೆದರೆ ಅಪಾಯ ತುಂಬಾ ಇಳಿಯುತ್ತದೆ. ಆ ಕೆಲಸ ಬೇರೆಯವರು ಮಾಡಲಿ. ಸರಿಯಾಗಿ ಬೇಯದ ಮಾಂಸ, ತೊಳೆಯದ ಸೊಪ್ಪು, ಬರಿಗೈಯ ತೋಟದ ಕೆಲಸದಿಂದಲೂ ಇದು ಬರುತ್ತದೆ. ಎಲ್ಲ ಬೆಕ್ಕಿನ ತಲೆಗೆ ಕಟ್ಟುವುದು ನ್ಯಾಯ ಅಲ್ಲ. ರೇಬೀಸ್ ಮಾತ್ರ ಹಗುರವಾಗಿ ನೋಡುವ ವಿಷಯ ಅಲ್ಲ. ಗೊತ್ತಿಲ್ಲದ ಬೆಕ್ಕು ಕಚ್ಚಿದರೆ, ರಕ್ತ ಬರುವ ಹಾಗೆ ಪರಚಿದರೆ, ಹರಿಯುವ ನೀರಿನಲ್ಲಿ ಸೋಪು ಹಾಕಿ 15 ನಿಮಿಷ ತೊಳೆದು ಅವತ್ತೇ ಆಸ್ಪತ್ರೆಗೆ ಹೋಗಿ.

ಜಾಗ

ನೀವು ಎಷ್ಟೇ ಚಂದದ ಪೆಟ್ಟಿಗೆ ಮಾಡಿದರೂ ಕೊನೆಗೆ ಅದು ಬೀರುವಿನ ಹಿಂದೆ ಮರಿ ಹಾಕಬಹುದು. ಆದರೂ ಮಾಡಿಡಿ. ಅದು ಆಚೀಚೆ ತಿರುಗಿ ಮಲಗುವಷ್ಟು ದೊಡ್ಡ ರಟ್ಟಿನ ಡಬ್ಬ, ಒಂದು ಪಕ್ಕ ಬಾಗಿಲು. ಮರಿ ಉರುಳಿ ಹೊರಗೆ ಬೀಳದಂತೆ ಬಾಗಿಲಿಗೆ ಒಂದು ಗೇಣು ಹೊಸ್ತಿಲು ಬಿಡಿ. ಒಳಗೆ ಹಳೇ ಕಾಟನ್ ಸೀರೆ ಅಥವಾ ಪಂಚೆ. ಟವೆಲಿನ ದಾರದ ಕುಣಿಕೆಗೆ ಮರಿಯ ಉಗುರು ಸಿಕ್ಕಿಕೊಳ್ಳುತ್ತದೆ, ಬೇಡ. ಡಬ್ಬದ ಕೆಳಗೆ ಮಣೆಯೋ ಗೋಣಿಚೀಲವೋ ಇರಲಿ, ಆಷಾಢದಲ್ಲಿ ನಮ್ಮ ನೆಲ ಹೇಗೆ ಬೆವರುತ್ತದೆ ಅಂತ ಗೊತ್ತಲ್ಲ. ಮಬ್ಬು ಬೆಳಕು, ಜನ ಓಡಾಡದ ಮೂಲೆ, ಒಂದಿಷ್ಟು ಬೆಚ್ಚಗೆ. ಬಚ್ಚಲು ಮನೆಯ ಪಕ್ಕದ ಸೌದೆ ಕೋಣೆ ಚೆನ್ನಾಗಿರುತ್ತದೆ, ಆದರೆ ಒಲೆಯ ಬಾಯಿಗೆ ಹತ್ತಿರ ಬೇಡ. ಬೆಕ್ಕು ಬಿಸಿ ಬೂದಿಯಲ್ಲೇ ಮಲಗುವ ಪ್ರಾಣಿ, ಮರಿಯನ್ನೂ ಅಲ್ಲಿಗೇ ಎಳೆಯಬಹುದು. ನಾಯಿ, ಗಂಡು ಬೆಕ್ಕು, ಹಾವು ಬರದಂತೆ ನೋಡಿ. ಗಂಡು ಬೆಕ್ಕು ಮರಿಗಳನ್ನು ಕೊಲ್ಲುತ್ತದೆ ಅನ್ನುವುದು ಕಟ್ಟುಕಥೆಯಲ್ಲ.

ಇದನ್ನು ಎರಡು ವಾರ ಮೊದಲೇ ಇಟ್ಟು, ಊಟವನ್ನು ಅದರ ಹತ್ತಿರವೇ ಹಾಕುತ್ತಾ ಬನ್ನಿ. ಮನುಷ್ಯರ ಅಭ್ಯಾಸ ಇಲ್ಲದ ಬೆಕ್ಕನ್ನು ಕೋಣೆಗೆ ಹಾಕಿ ಚಿಲಕ ಹಾಕಿದರೆ ಗಾಬರಿಯಾಗಿ ಊಟ ಬಿಡುತ್ತದೆ. ಹೋಗಿ ಬರುವ ದಾರಿ ಬಿಡಿ.

ಹೆರಿಗೆಯ ಹೊತ್ತು

ಹೆರಿಗೆಗೆ ಒಂದು ದಿನ ಮೊದಲು ಮೈ ಬಿಸಿ ಸ್ವಲ್ಪ ಇಳಿಯುತ್ತದೆ, ಥರ್ಮಾಮೀಟರ್ ಇಟ್ಟು ನೋಡಿ ಅಂತ ಬರೆದಿರುತ್ತಾರೆ. ತಾನಾಗಿ ಬಂದ ಬೆಕ್ಕಿನ ಬಾಲ ಎತ್ತಿ ಥರ್ಮಾಮೀಟರ್ ಇಡಲು ಹೋದವರ ಕೈ ಏನಾಗುತ್ತದೆ ಅಂತ ಬರೆದಿರುವುದಿಲ್ಲ. ನಡತೆ ನೋಡಿದರೆ ಸಾಕು. ಊಟ ಬಿಡುತ್ತದೆ. ಒಂದು ಕಡೆ ಕೂರುವುದಿಲ್ಲ. ಬಟ್ಟೆ ಕೆರೆಯುತ್ತದೆ, ಹಿಂಭಾಗ ಪದೇ ಪದೇ ನೆಕ್ಕುತ್ತದೆ. ಕೆಲವು ಗುರ್‌ಗುಟ್ಟುತ್ತವೆ, ಕೆಲವು ಏದುಸಿರು ಬಿಡುತ್ತವೆ. ಇದು 12ರಿಂದ 24 ಗಂಟೆ ನಡೆದರೂ ಮಾಮೂಲೇ.

ಆಮೇಲೆ ನೋವು ಕೊಟ್ಟು ಮುಕ್ಕಲು ಶುರು ಮಾಡುತ್ತದೆ. ಗಡಿಯಾರ ನೋಡಬೇಕಾದದ್ದು ಇಲ್ಲಿಂದ. ಜೋರಾಗಿ ಮುಕ್ಕುತ್ತಿದ್ದು ಅರ್ಧ ಗಂಟೆಯಾದರೂ ಮರಿ ಬರದಿದ್ದರೆ ಡಾಕ್ಟರಿಗೆ ಫೋನ್ ಮಾಡಿ, ಗಾಡಿ ತೆಗೆಯಿರಿ. ಮರಿಯ ಅರ್ಧ ಮೈ ಹೊರಬಂದು ಹತ್ತು ನಿಮಿಷ ಅಲ್ಲೇ ಸಿಕ್ಕಿಕೊಂಡರೂ ಹಾಗೇ. ಒಂದೂ ಮರಿ ಹುಟ್ಟುವ ಮೊದಲೇ ಹಸಿರು, ಕಪ್ಪು ನೀರು ಹೋದರೆ, ಕೆಂಪು ರಕ್ತ ನಿಲ್ಲದೆ ಹರಿದರೆ, ಕೆಟ್ಟ ವಾಸನೆ ಬಂದರೆ ಕಾಯುವಂತಿಲ್ಲ.

ಎರಡು ಮರಿಗಳ ನಡುವೆ ಹತ್ತು ನಿಮಿಷದಿಂದ ಒಂದು ಗಂಟೆ ಸಾಮಾನ್ಯ. ಎರಡು ಗಂಟೆ ಆಗಿ, ಒಳಗೆ ಮರಿ ಇರುವುದು ಗೊತ್ತಾಗಿ, ಬೆಕ್ಕು ಸುಸ್ತಾಗಿ ನರಳುತ್ತಿದ್ದರೆ ಹೊರಡಿ. ಆದರೆ ಇಲ್ಲೊಂದು ತಿರುವಿದೆ. ಬೆಕ್ಕು ಹೆರಿಗೆಯನ್ನು ಅರ್ಧಕ್ಕೇ ನಿಲ್ಲಿಸಬಲ್ಲದು. ನಾಯಿ ಬೊಗಳಿತು, ಮಕ್ಕಳು ಇಣುಕಿದರು ಅಂದರೆ ಎರಡು ಮರಿ ಹಾಕಿ ನಿಲ್ಲಿಸಿ, ಗಂಟೆಗಟ್ಟಲೆ ಬಿಟ್ಟು, ಕೆಲವೊಮ್ಮೆ ಮರುದಿನ ಉಳಿದದ್ದನ್ನು ಹಾಕುತ್ತದೆ. ಆ ನಡುವೆ ಅದು ಆರಾಮಾಗಿ ಮಲಗಿ, ಹುಟ್ಟಿದವಕ್ಕೆ ಹಾಲೂಡಿಸಿ, ಊಟ ಕೊಟ್ಟರೆ ತಿನ್ನುತ್ತಿದ್ದರೆ ಗಾಬರಿ ಬೇಡ. ಫೋನಿನಲ್ಲಿ ಡಾಕ್ಟರಿಗೆ ಹೇಳಿ ಇಟ್ಟರೆ ಸಾಕು. ಅದು ಮುಕ್ಕುತ್ತಿದೆಯೋ ಆರಾಮಾಗಿದೆಯೋ ಅನ್ನುವುದೇ ಮುಖ್ಯ. ಬಾಲ ಮುಂದಾಗಿ ಬರುವ ಮರಿಯೂ ಬೆಕ್ಕಿನಲ್ಲಿ ಮಾಮೂಲು, ಎಳೆಯಲು ಹೋಗಬೇಡಿ.

ಮರಿ ಒಂದು ತೆಳು ಚೀಲದೊಳಗೆ ಬರುತ್ತದೆ. ತಾಯಿಯೇ ಹರಿದು, ನೆಕ್ಕಿ, ಹೊಕ್ಕುಳ ಬಳ್ಳಿ ಕಚ್ಚುತ್ತದೆ. ಮರಿಯ ಹಿಂದೆ ಬೀಳುವ ಕಸವನ್ನೂ (ಮಾಸು) ತಿನ್ನುತ್ತದೆ, ತಿನ್ನಲಿ. ನೀವು ಕೈಹಾಕಬೇಕಾದದ್ದು ಒಂದೇ ಸಂದರ್ಭದಲ್ಲಿ: ಮರಿ ಚೀಲದಲ್ಲೇ ಇದೆ, ತಾಯಿ ಒಂದೆರಡು ನಿಮಿಷವಾದರೂ ತಿರುಗಿ ನೋಡಿಲ್ಲ. ಆಗ ಕೈ ತೊಳೆದು, ಮರಿಯ ಮೂಗಿನ ಹತ್ತಿರ ಚೀಲ ಬೆರಳಲ್ಲಿ ಹರಿಯಿರಿ. ಮೂಗು, ಬಾಯಿ ಒರೆಸಿ. ತಲೆ ಸ್ವಲ್ಪ ಕೆಳಗೆ ಮಾಡಿ ಹಿಡಿದು ಒಣ ಬಟ್ಟೆಯಿಂದ ಬೆನ್ನು ತಿಕ್ಕುತ್ತಾ ಇರಿ. ಜೋರಾಗಿಯೇ ತಿಕ್ಕಿ, ತಾಯಿಯ ನಾಲಿಗೆಯೂ ಮೃದು ಅಲ್ಲ. ಚೀಂ ಅಂದ ಕೂಡಲೇ ತಾಯಿಯ ಹೊಟ್ಟೆಯ ಹತ್ತಿರ ಇಡಿ. ಬಳ್ಳಿ ಕತ್ತರಿಸಬೇಕಾದರೆ ಮರಿಯ ಹೊಟ್ಟೆಯಿಂದ ಎರಡು ಮೂರು ಸೆಂಟಿಮೀಟರ್ ಬಿಟ್ಟು ಶುದ್ಧ ದಾರ ಕಟ್ಟಿ, ಅದರಾಚೆ ಕತ್ತರಿಸಿ, ತುದಿಗೆ ಪೊವಿಡೋನ್ ಅಯೋಡಿನ್ ಹಚ್ಚಿ.

ಮರಿಗಳು

ಹುಟ್ಟಿದ ಮರಿ ಸುಮಾರು 100 ಗ್ರಾಂ ಇರುತ್ತದೆ. ದಿನಕ್ಕೆ 10ರಿಂದ 15 ಗ್ರಾಂ ಏರಬೇಕು. ಅಡಿಕೆ ತೂಗುವ ತಕ್ಕಡಿ ಇದಕ್ಕೆ ಆಗುವುದಿಲ್ಲ, ಅಡುಗೆಮನೆಯ ಪುಟ್ಟ ಡಿಜಿಟಲ್ ಮಾಪಕ ಬೇಕು. ತಾಯಿ ಊಟಕ್ಕೆ ಎದ್ದಾಗ ಒಂದೊಂದನ್ನೇ ತೂಗಿ ಬರೆದಿಡಿ. ಒಂದು ದಿನ ತೂಕ ಏರದೆ ನಿಂತರೆ ಕಣ್ಣಿಡಿ, ಇಳಿದರೆ ಡಾಕ್ಟರಿಗೆ ಹೇಳಿ. ಮರಿ ಮೇಲುನೋಟಕ್ಕೆ ಚೆನ್ನಾಗಿದ್ದಾಗಲೇ ತೂಕ ಸತ್ಯ ಹೇಳುತ್ತದೆ.

ಮೊದಲ ವಾರ ಅವಕ್ಕೆ ಮೈ ಬಿಸಿ ಇಟ್ಟುಕೊಳ್ಳಲು ಬರುವುದಿಲ್ಲ. ಜಡಿಮಳೆಯಲ್ಲಿ ತಾಯಿ ಹೊರಗೆ ಹೋದರೆ ಬಿಸಿನೀರಿನ ಬಾಟಲಿಗೆ ಬಟ್ಟೆ ಸುತ್ತಿ ಡಬ್ಬದ ಒಂದು ಮೂಲೆಯಲ್ಲಿ ಇಡಿ. ಒಂದೇ ಮೂಲೆ ಸಾಕು, ಸೆಕೆಯಾದರೆ ಮರಿ ತೆವಳಿ ಆಚೆ ಹೋಗಲು ಜಾಗ ಬೇಕು. ತಾಯಿ ಸತ್ತರೆ, ಬಿಟ್ಟು ಹೋದರೆ ಬೆಕ್ಕಿನ ಮರಿಗೆಂದೇ ಸಿಗುವ ಹಾಲಿನ ಪುಡಿ ತರಬೇಕು, ಹಸುವಿನ ಹಾಲಿನಲ್ಲಿ ಅವಕ್ಕೆ ಬೇಕಾದಷ್ಟು ಪ್ರೋಟೀನ್ ಇಲ್ಲ. ತಣ್ಣಗಾದ ಮರಿಗೆ ಹಾಲು ಹಾಕಬೇಡಿ. ಮೊದಲು ಬೆಚ್ಚಗೆ ಮಾಡಿ, ಆಮೇಲೆ ಹೊಟ್ಟೆ ಕೆಳಗಾಗಿ ಮಲಗಿಸಿ ಕುಡಿಸಿ. ಅಂಗಾತ ಹಿಡಿದರೆ ಹಾಲು ಶ್ವಾಸಕೋಶಕ್ಕೆ ಹೋಗುತ್ತದೆ.

ಬಾಣಂತಿಗೆ ಕೆಂಪು-ಕಂದು ಸ್ರಾವ ಒಂದೆರಡು ವಾರ ಇರುತ್ತದೆ. ವಾಸನೆ ಬಂದರೆ, ಮೊಲೆ ಕಲ್ಲಿನಂತೆ ಗಟ್ಟಿಯಾಗಿ ಬಿಸಿಯಾದರೆ, ಊಟ ಬಿಟ್ಟರೆ ತೋರಿಸಿ. ನಡೆಯುವಾಗ ಕಾಲು ಸೆಟೆದು, ಮೈ ನಡುಗಿದರೆ ಅದೇ ಕ್ಯಾಲ್ಸಿಯಂ ಕೊರತೆ. ಆಗ ಬೆಳಗಾಗಲಿ ಅಂತ ಕಾಯಬೇಡಿ.

ಬೆಕ್ಕು ಮರಿಗಳನ್ನು ಏಳು ಮನೆ ತಿರುಗಿಸುತ್ತದೆ ಅನ್ನುತ್ತಾರಲ್ಲ, ಏಳರ ಲೆಕ್ಕ ಏನೋ, ತಿರುಗಿಸುವುದಂತೂ ನಿಜ. ಜನ ಜಾಸ್ತಿ ಇಣುಕಿದರೆ, ಜಾಗ ಗಲೀಜಾದರೆ, ಗಂಡು ಬೆಕ್ಕಿನ ವಾಸನೆ ಬಂದರೆ ಕುತ್ತಿಗೆ ಕಚ್ಚಿ ಒಂದೊಂದನ್ನೇ ಸಾಗಿಸುತ್ತದೆ. ಹಿಂದೆ ಹೋಗಬೇಡಿ. ಹೊಸ ಜಾಗ ಅಪಾಯದ್ದಲ್ಲದಿದ್ದರೆ ಅಲ್ಲಿಗೇ ಊಟ ಹಾಕಿ.

ಒಂದೆರಡು ವಾರದಲ್ಲಿ ಕಣ್ಣು ಬಿಡುತ್ತವೆ. ಎರಡರಿಂದ ಏಳನೇ ವಾರದೊಳಗೆ ಮನುಷ್ಯರ ಕೈ ಅಭ್ಯಾಸ ಆದ ಮರಿ ಜನಕ್ಕೆ ಹೊಂದಿಕೊಳ್ಳುತ್ತದೆ. ಆಮೇಲೆ ಕಷ್ಟ. ಮೂರನೇ ವಾರದಿಂದ ಹುಳದ ಔಷಧಿ, ನಾಲ್ಕನೇ ವಾರದಿಂದ ಮೆತ್ತಗೆ ಕಲಸಿದ ಆಹಾರ. ಎಂಟು ವಾರಕ್ಕೆ ಮೊದಲು ಯಾರಿಗೂ ಕೊಡಬೇಡಿ, ಎಷ್ಟೇ ಕೇಳಿದರೂ.

ಇಷ್ಟೆಲ್ಲ ಮಾಡಿ ಆಪರೇಷನ್ ಮಾಡಿಸದೆ ಬಿಟ್ಟರೆ ಮತ್ತದೇ ಕಥೆ. ಹಾಲೂಡಿಸುತ್ತಿರುವಾಗಲೇ ಬೆಕ್ಕು ಮತ್ತೆ ಬೆದೆಗೆ ಬರಬಹುದು, ಗಬ್ಬ ನಿಲ್ಲಬಹುದು. ಮರಿಗಳು ಹಾಲು ಬಿಟ್ಟ ಕೂಡಲೇ, ಅಂದರೆ ಸುಮಾರು ಎಂಟು ವಾರಕ್ಕೆ, ಡಾಕ್ಟರ ಹತ್ತಿರ ದಿನ ಗೊತ್ತು ಮಾಡಿ. ತಾಲ್ಲೂಕಿನ ಪಶು ಆಸ್ಪತ್ರೆಯಲ್ಲಿ ಕೇಳಿ ನೋಡಿ. ಅಲ್ಲಿ ಆಗದಿದ್ದರೆ ಶಿವಮೊಗ್ಗದ ವಿನೋಬನಗರದಲ್ಲಿ ಪಶುವೈದ್ಯಕೀಯ ಕಾಲೇಜು ಇದೆ. ಒಂದು ಕಿವಿಯ ತುದಿ ಸ್ವಲ್ಪ ಕತ್ತರಿಸಲು ಹೇಳಿ. ಆಪರೇಷನ್ ಆಗಿದೆ ಅನ್ನುವುದಕ್ಕೆ ಅದೇ ಗುರುತು, ಮುಂದೆ ಯಾರೋ ಹಿಡಿದು ಮತ್ತೆ ಹೊಟ್ಟೆ ಕೊಯ್ಯುವುದು ತಪ್ಪುತ್ತದೆ. ಎಷ್ಟು ಹೊತ್ತು ಉಪವಾಸ ಇರಬೇಕು ಅಂತ ಡಾಕ್ಟರು ಹೇಳುತ್ತಾರೆ. ಹಿಂದಿನ ರಾತ್ರಿ ಬೆಕ್ಕನ್ನು ಒಳಗೇ ಇಟ್ಟುಕೊಳ್ಳಿ. ಹೊರಗೆ ಬಿಟ್ಟರೆ ಅಟ್ಟದ ಇಲಿ ತಿಂದು ಹೊಟ್ಟೆ ತುಂಬಿಸಿಕೊಂಡು ಬರುತ್ತದೆ, ಆಪರೇಷನ್ ಇನ್ನೊಂದು ದಿನಕ್ಕೆ ಹೋಗುತ್ತದೆ.